‘ದೇವರು ಕ್ಷಮಿಸಿದ್ದಾನೆ’ ಅಂದವರ ಬಾಕಿ ಯಾರು ತೀರಿಸಬೇಕು?

ಪ್ರಶ್ನೆ: ನಾವು ರಬಕವಿ-ಬನಹಟ್ಟಿ ಕಡೆಯವರು, ಮಗ್ಗದ ಮನೆತನ. ಹನ್ನೊಂದು ವರ್ಷದ ಹಿಂದೆ ನೂಲಿನ ವ್ಯವಹಾರದಲ್ಲಿ ನಮ್ಮಪ್ಪನಿಗೆ ಪಾಲುದಾರರಾಗಿದ್ದವರೊಬ್ಬರು ಸುಳ್ಳು ಲೆಕ್ಕ ತೋರಿಸಿ 3 ಲಕ್ಷ ರೂಪಾಯಿ ಮುಳುಗಿಸಿದರು. ಅಪ್ಪ ಎರಡು ಮಗ್ಗ ಮಾರಬೇಕಾಯಿತು. ಆ ಮನುಷ್ಯ ಈಗ ಎರಡು ವರ್ಷದಿಂದ ಚರ್ಚಿಗೆ ಹೋಗುತ್ತಾರೆ. ಮೊನ್ನೆ ಒಂದು ಮದುವೆಯಲ್ಲಿ ಸಿಕ್ಕು ಕೈ ಹಿಡಿದುಕೊಂಡು, ‘ನನ್ನ ಪಾಪ ಎಲ್ಲಾ ಯೇಸುಸ್ವಾಮಿ ತೊಳದಾನ್ರಿ, ನೀವೂ ಮನಸಿನ್ಯಾಗ ಇಟ್ಕೋಬ್ಯಾಡ್ರಿ’ ಅಂದರು. ರೊಕ್ಕದ ಮಾತೇ ಇಲ್ಲ. ನಾವು ಲಿಂಗಾಯತರು, ಬಿತ್ತಿದ್ದನ್ನೇ ಕೊಯ್ಯಬೇಕು ಅಂತ ಕೇಳಿ ಬೆಳೆದವರು. ಕ್ರೈಸ್ತರಲ್ಲಿ ಪಾಪ ಅಂದರೆ ಏನು? ಕ್ಷಮೆ ಇಷ್ಟು ಸಲೀಸೇ? ಹುಟ್ಟಿದ ಕೂಸೂ ಪಾಪಿ ಅನ್ನುತ್ತಾರಲ್ಲ, ಅದು ಹೇಗೆ? ಕೊಲೆಗಾರ ಕಡೇ ಗಳಿಗೆಯಲ್ಲಿ ನಂಬಿದರೆ ಸ್ವರ್ಗ, ಒಳ್ಳೆಯವನು ನಂಬದಿದ್ದರೆ ನರಕ ಅನ್ನುವುದು ನ್ಯಾಯವೇ? ಸಿಟ್ಟಿನಿಂದ ಬರೆಯುತ್ತಿದ್ದೇನೆ, ಆದರೂ ನಿಜವಾಗಿ ತಿಳಿದುಕೊಳ್ಳಬೇಕಾಗಿದೆ.

ಉತ್ತರ: ನಿಮ್ಮ ಪ್ರಶ್ನೆಯನ್ನು ಇಪ್ಪತ್ತೆರಡು ವರ್ಷದ ಹಿಂದೆ ಗೋಕಾಕದ ಹತ್ತಿರದ ಹಳ್ಳಿಯ ಹೆಣ್ಣುಮಗಳೊಬ್ಬಳು ನನ್ನೆದುರು ನಿಂತು ಕೇಳಿದ್ದಳು. ಆಗ ನಾನು ಅಲ್ಲಿನ ಸಭೆಯ, ಅಂದರೆ ಚರ್ಚಿನ, ಪಾಸ್ಟರ್. ಲೆಂಟ್ ಅಂದರೆ ಈಸ್ಟರಿಗೆ ಮುಂಚಿನ ಉಪವಾಸದ ದಿನಗಳ ಒಂದು ಶುಕ್ರವಾರ ಸಂಜೆ ಅವಳ ಮೈದುನ ಬಂದು ನನ್ನ ಮುಂದೆ ಕೂತು ಅತ್ತಿದ್ದ. ಅಣ್ಣ ತೀರಿಕೊಂಡ ವರ್ಷ ಅತ್ತಿಗೆಯ ಹೆಬ್ಬಟ್ಟು ಒತ್ತಿಸಿಕೊಂಡು ಅವಳ ಪಾಲಿನ ಎರಡೆಕರೆ ತನ್ನ ಹೆಸರಿಗೆ ಮಾಡಿಕೊಂಡಿದ್ದನಂತೆ. ನಾನು ಅವನ ಹೆಗಲ ಮೇಲೆ ಕೈ ಇಟ್ಟು ಪ್ರಾರ್ಥನೆ ಮಾಡಿದೆ, ಪಾಪ ಒಪ್ಪಿಕೊಂಡವನನ್ನು ದೇವರು ಕ್ಷಮಿಸುತ್ತಾನೆ ಅನ್ನುವ ಯೋಹಾನನ ಪತ್ರದ ಮಾತು ಓದಿದೆ. ಅವನು ಹಗುರಾಗಿ ಮನೆಗೆ ಹೋದ. ನಾನೂ ಒಂದು ಒಳ್ಳೆಯ ಕೆಲಸ ಮಾಡಿದೆ ಅಂದುಕೊಂಡು ನಿದ್ದೆ ಹೋದೆ. ಮುಂದಿನ ಭಾನುವಾರ ಆರಾಧನೆ ಮುಗಿದು ಎಲ್ಲರೂ ಚಪ್ಪಲಿ ಹುಡುಕುತ್ತಿದ್ದಾಗ ಆ ಅತ್ತಿಗೆ ಬಂದು ನಿಂತಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ, ದನಿ ಏರಿಸದೆ, ‘ಅಯ್ಯನವರ, ಹೊಲ ನಂದು. ಮಾಫಿ ನೀವು ಕೊಟ್ರಿ. ನನ್ನ ಒಂದ್ ಮಾತ ಕೇಳಬೇಕಿತ್ತಲ್ರಿ?’ ಅಂದಳು.

ಆ ಹೊತ್ತಿಗಾಗಲೇ ನಾನು ದೇವಶಾಸ್ತ್ರ ಓದಿ ಮುಗಿಸಿ ಎಷ್ಟೋ ವರ್ಷವಾಗಿತ್ತು. ಅವಳಿಗೆ ಕೊಡಲು ಒಂದು ಮಾತೂ ಇರಲಿಲ್ಲ. ಆ ಮೇಲೆ ಬೆಳಗಾವಿಗೆ ಬಂದು ವಿದ್ಯಾರ್ಥಿಗಳಿಗೆ ಇದೇ ವಿಷಯ ಪಾಠ ಮಾಡಿದೆ. ಪ್ರತಿ ವರ್ಷ ಮೊದಲ ತರಗತಿಯಲ್ಲಿ ಅವಳ ಮಾತನ್ನೇ ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಆದ್ದರಿಂದ ಈ ಉತ್ತರವನ್ನು ಬಾಕಿ ಇಟ್ಟುಕೊಂಡವನೊಬ್ಬ ಬರೆದದ್ದು ಅಂತಲೇ ಓದಿ.

ಮೊದಲು ಪಾಪ ಅನ್ನುವ ಮಾತು. ಕನ್ನಡದಲ್ಲಿ ನಾವು ಇದನ್ನು ಎರಡು ಕಡೆ ಬಳಸುತ್ತೇವೆ. ‘ಪಾಪ ಮಾಡಿದ’ ಅಂದರೆ ಸಿಟ್ಟು, ‘ಅಯ್ಯೋ ಪಾಪ’ ಅಂದರೆ ಮರುಕ. ಕ್ರೈಸ್ತ ತಿಳಿವಳಿಕೆಗೆ ಈ ಎರಡೂ ಬೇಕು, ಅದಕ್ಕೇ ನನಗೆ ನಮ್ಮ ಶಬ್ದ ಇಷ್ಟ. ಆದರೆ ಬೈಬಲ್ಲಿನ ಮೂಲ ಭಾಷೆಗಳ ಹತ್ತಿರ ನಿಲ್ಲುವುದು ಇನ್ನೊಂದು ಕನ್ನಡ ಶಬ್ದ: ತಪ್ಪು. ದಾರಿ ತಪ್ಪಿತು, ತಾಳ ತಪ್ಪಿತು, ಗುರಿ ತಪ್ಪಿತು ಅನ್ನುತ್ತೇವಲ್ಲ, ಹೀಬ್ರೂ ಭಾಷೆಯ ‘ಹಾತಾ’ ಅನ್ನುವ ಕ್ರಿಯಾಪದವೂ ಹಾಗೆಯೇ. ನ್ಯಾಯಸ್ಥಾಪಕರು ಅನ್ನುವ ಪುಸ್ತಕದ 20ನೇ ಅಧ್ಯಾಯದಲ್ಲಿ ಬೆನ್ಯಾಮೀನ ಕುಲದ 700 ಮಂದಿ ಎಡಚರ ಮಾತು ಬರುತ್ತದೆ. ಕೂದಲೆಳೆಗೆ ಗುರಿಯಿಟ್ಟು ಕವಣೆ ಬೀಸಿದರೂ ಕಲ್ಲು ತಪ್ಪುತ್ತಿರಲಿಲ್ಲವಂತೆ. ಅಲ್ಲಿ ‘ತಪ್ಪು’ವುದಕ್ಕೆ ಇರುವ ಧಾತುವೇ ಬೇರೆ ಕಡೆ ಪಾಪಕ್ಕೂ ಇರುವುದು. ಗ್ರೀಕಿನ ‘ಹಮಾರ್ತಿಯ’ದ ಬೇರೂ ಗುರಿ ತಪ್ಪುವುದರಲ್ಲೇ ಇದೆ. ಇದರ ಜೊತೆಗೆ ಹೀಬ್ರೂವಿನಲ್ಲಿ ಸೊಟ್ಟಗಾಗುವುದಕ್ಕೆ ಒಂದು ಶಬ್ದ, ದಂಗೆ ಏಳುವುದಕ್ಕೆ ಇನ್ನೊಂದು ಶಬ್ದ ಪಾಪದ ಅರ್ಥದಲ್ಲಿ ಬಳಕೆಯಾಗುತ್ತವೆ. ನಿಮ್ಮಪ್ಪನ ಪಾಲುದಾರರು ಮಾಡಿದ್ದು ಗುರಿ ತಪ್ಪಿದ ಪೈಕಿ ಅಲ್ಲ, ಲೆಕ್ಕವನ್ನೇ ಸೊಟ್ಟ ಮಾಡಿದ್ದು. ಅದನ್ನು ಬೈಬಲ್ಲು ಮೆತ್ತಗಿನ ಮಾತಿನಲ್ಲಿ ಹೇಳುವುದಿಲ್ಲ.

ಹಾಗಾದರೆ ಕೂಸು ಏನು ತಪ್ಪು ಮಾಡಿತು? ಏನೂ ಮಾಡಿಲ್ಲ. ಇಲ್ಲಿ ನಮ್ಮ ಪ್ರಸಂಗಗಳೇ ಬಹಳ ಗೊಂದಲ ಮಾಡಿವೆ. ನಿಮ್ಮ ಕಡೆಯ ಹೊಲಗಳನ್ನೇ ನೋಡಿ. ಕೃಷ್ಣೆ, ಘಟಪ್ರಭೆಯ ನೀರು ಬಂತು, ಕಬ್ಬು ಬಂತು, ವರ್ಷವಿಡೀ ನೀರು ಕಟ್ಟಿದರು. ಬಸಿಗಾಲುವೆ ಇಲ್ಲದ ಕರಿ ಮಣ್ಣಿನಲ್ಲಿ ನೀರು ನಿಂತು, ತಳದ ಉಪ್ಪು ಮೇಲಕ್ಕೆ ಎದ್ದು ಹೊಲ ಸವಳಾಯಿತು. ಈಗ ಆ ಮನೆಯಲ್ಲಿ ಹುಟ್ಟಿದ ಮಗು ಒಂದು ಕೊಡ ನೀರೂ ಕಟ್ಟಿಲ್ಲ. ಆದರೆ ಅದರ ಪಾಲಿಗೆ ಬರುವುದು ಸವಳು ಹೊಲವೇ. ದೊಡ್ಡದಾಗಿ ಒಳ್ಳೆಯ ಬೀಜ ಬಿತ್ತಿದರೂ ಪೈರು ಹಳದಿಗೆ ತಿರುಗುತ್ತದೆ. ಮೇಲಿನ ಹೊಲದವನು ಕಟ್ಟಿದ ನೀರಿನ ಬಸಿಯೂ ಇದರೊಳಗೆ ಬರುತ್ತದೆ. ಮುಂದೆ ತಾನೂ ದುಡುಕಿ ನೀರು ಹೆಚ್ಚು ಬಿಟ್ಟರೆ ಆ ಉಪ್ಪಿಗೆ ತನ್ನ ಕೈಯೂ ಸೇರಿತು. ಮೂಲಪಾಪ ಅಂದರೆ ನನಗೆ ತಿಳಿದ ಮಟ್ಟಿಗೆ ಇದು: ಪಾಲಿಗೆ ಬಂದ ನೆಲದ ಸ್ಥಿತಿ. ಕಥೋಲಿಕ ಸಭೆಯ ಅಧಿಕೃತ ಬೋಧನೆಯೂ ಇದನ್ನು ಕೂಸು ‘ಮಾಡಿದ’ ಪಾಪ ಅನ್ನುವುದಿಲ್ಲ, ‘ಬಂದಿರುವ’ ಸ್ಥಿತಿ ಅನ್ನುತ್ತದೆ. ಪಶ್ಚಿಮದ ಸಭೆಯ ಹಳೆಯ ಗುರು ಅಗಸ್ಟಿನ್ (354–430) ಇದಕ್ಕಿಂತ ಕಠಿಣವಾಗಿ ವಾದಿಸಿದ, ಮೊದಲ ಮನುಷ್ಯ ಆದಾಮನ ಅಪರಾಧವೇ ಎಲ್ಲರ ಮೇಲಿದೆ ಅಂದ. ಮೊದಲ ಕಾಲದ ಬೋಧಕ ಪೌಲ ರೋಮಾಪುರದವರಿಗೆ ಬರೆದ ಪತ್ರದ 5:12ರ ಲ್ಯಾಟಿನ್ ಅನುವಾದದಲ್ಲಿದ್ದ ‘ಅವನಲ್ಲಿ ಎಲ್ಲರೂ ಪಾಪಮಾಡಿದರು’ ಅನ್ನುವ ಅರ್ಥ ಅವನ ವಾದಕ್ಕೆ ಬಲ ಕೊಟ್ಟಿತು. ಗ್ರೀಕ್ ಮೂಲವನ್ನು ‘ಎಲ್ಲರೂ ಪಾಪಮಾಡಿದ್ದರಿಂದ’ ಅಂತ ಓದುವವರೇ ಇಂದು ಹೆಚ್ಚು. ಪೂರ್ವದ ಆರ್ಥೊಡಾಕ್ಸ್ ಸಭೆಗಳು ಅಪರಾಧ ವಂಶದಿಂದ ಬರುತ್ತದೆ ಅನ್ನುವುದನ್ನು ಒಪ್ಪುವುದಿಲ್ಲ, ಬರುವುದು ಸಾವು ಮತ್ತು ಕೆಡುಕಿನ ಎಳೆತ ಅನ್ನುತ್ತವೆ. ನಾನು ಪ್ರೊಟೆಸ್ಟೆಂಟ್ ಸಭೆಯವನಾದರೂ ಈ ವಿಷಯದಲ್ಲಿ ಅವರ ಹತ್ತಿರವೇ ಕೂಡುತ್ತೇನೆ.

ಇನ್ನು ಕ್ಷಮೆ. ಇಲ್ಲಿ ಸ್ವಲ್ಪ ನಿಧಾನ ಮಾಡುತ್ತೇನೆ, ನಿಮ್ಮ ಪ್ರಶ್ನೆಯ ಗಂಟು ಇರುವುದು ಇಲ್ಲೇ.

ಯೇಸು ಕಲಿಸಿದ ಪ್ರಾರ್ಥನೆಯನ್ನು ನಾವು ಕನ್ನಡದಲ್ಲಿ ಹೇಳುವಾಗ ‘ನಮ್ಮ ತಪ್ಪುಗಳನ್ನು ಕ್ಷಮಿಸು’ ಅನ್ನುತ್ತೇವೆ. ಯೇಸುವಿನ ಚರಿತ್ರೆ ಬರೆದ ಮತ್ತಾಯನ ಗ್ರೀಕಿನಲ್ಲಿ ಅಲ್ಲಿರುವ ಮಾತಿನ ನೇರ ಅರ್ಥ ಸಾಲ. ‘ನಮ್ಮ ಸಾಲಗಾರರಿಗೆ ನಾವು ಬಿಟ್ಟುಕೊಟ್ಟ ಹಾಗೆ ನಮ್ಮ ಸಾಲವನ್ನೂ ಬಿಟ್ಟುಕೊಡು’. ಅನುವಾದಕರು ‘ಸಾಲ’ವನ್ನು ‘ತಪ್ಪು’ ಅಂತ ಬದಲಿಸಿದ್ದು ಅರ್ಥದಲ್ಲಿ ಸರಿಯೇ, ಆದರೆ ಉತ್ತರ ಕರ್ನಾಟಕದವನಾದ ನನಗೆ ಒಂದು ನಷ್ಟ ಅನ್ನಿಸುತ್ತದೆ. ಸಾಲ ಅಂದರೆ ಏನು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ನಮ್ಮಪ್ಪನದು ಗುಳೇದಗುಡ್ಡದಲ್ಲಿ ಒಂದು ಸಣ್ಣ ಕಿರಾಣಿ ಅಂಗಡಿ. ಗಿರಾಕಿಗಳೆಲ್ಲ ಖಣ ನೇಯುವವರು. ವಾರದ ಸಂತೆಗೆ ಖಣ ಮಾರಿದರೆ ರೊಕ್ಕ, ಇಲ್ಲದಿದ್ದರೆ ಉದ್ರಿ. ಕೆಂಪು ಬಟ್ಟೆ ಹೊದಿಸಿದ ಉದ್ದನೆಯ ಉದ್ರಿ ವಹಿ ಗಲ್ಲೆಯ ಪಕ್ಕದಲ್ಲೇ ಇರುತ್ತಿತ್ತು, ಅದರ ಅಂಚಿಗೆ ಬೆಲ್ಲದ ಅಂಟು, ಒಳಗೆ ಇರುವೆ. 1972ರ ಬರದಲ್ಲಿ ಒಬ್ಬ ನೇಕಾರನ ಬಾಕಿ 140 ರೂಪಾಯಿಗೆ ಏರಿತು. ಅವನು ಬಂದು ಮಗ್ಗದ ಲಾಳಿಯನ್ನೇ ಅಡವು ಇಟ್ಟುಕೊಳ್ಳಿ ಅಂದ. ಅಪ್ಪ ಲಾಳಿ ವಾಪಸು ಅವನ ಕೈಗಿಟ್ಟು, ವಹಿ ಬಿಚ್ಚಿ, ಅವನ ಪುಟದ ಮೇಲೆ ಮೂಲೆಯಿಂದ ಮೂಲೆಗೆ ಒಂದು ಗೀಟು ಎಳೆದರು. ಅವನು ಹೋದ. ರಾತ್ರಿ ಅವ್ವ ರೊಟ್ಟಿ ಬಡಿಯುತ್ತಾ ಕೇಳಿದಳು, ‘ಬಾಗಲಕೋಟಿ ಸಾವಕಾರಗ ಏನ್ ಹೇಳ್ತೀರಿ?’ ಆ ಜೋಳ, ಆ ಎಣ್ಣೆ, ಆ ಬೆಲ್ಲ ಎಲ್ಲ ಅಪ್ಪ ಬಾಗಲಕೋಟೆಯ ಹೋಲ್‌ಸೇಲ್ ಅಂಗಡಿಯಿಂದ ಉದ್ರಿ ತಂದದ್ದೇ. ಅಲ್ಲಿಯ ವಹಿಯಲ್ಲಿ ಗೀಟು ಬಿದ್ದಿರಲಿಲ್ಲ. ಮುಂದಿನ ವಾರ ನಮ್ಮ ಸೈಕಲ್ಲು ಮಾರಾಟವಾಯಿತು. ಅದರ ಬೆಲ್ಲು ನನಗೆ ಬಹಳ ಪ್ರೀತಿ, ಅದಕ್ಕೇ ಇಷ್ಟು ನೆನಪು.

ಕ್ಷಮೆ ಸಲೀಸೇ ಅಂತ ನೀವು ಕೇಳಿದಿರಿ. ನೇಕಾರನಿಗೆ ಸಲೀಸು. ಸೈಕಲ್ಲು ಮಾರಿದವನಿಗೆ ಅಲ್ಲ. ಬಾಕಿ ಯಾವತ್ತೂ ಗಾಳಿಯಲ್ಲಿ ಕರಗುವುದಿಲ್ಲ, ಒಬ್ಬನ ತಲೆಯಿಂದ ಇಳಿದರೆ ಇನ್ನೊಬ್ಬನ ತಲೆಗೆ ಏರುತ್ತದೆ. 2018ರಲ್ಲಿ ರಾಜ್ಯ ಸರ್ಕಾರ ಬೆಳೆ ಸಾಲ ಮನ್ನಾ ಮಾಡಿದಾಗಲೂ ಬ್ಯಾಂಕು, ಸೊಸೈಟಿಗಳು ಬಿಟ್ಟುಕೊಡಲಿಲ್ಲ, ಬೊಕ್ಕಸದಿಂದ ಭರ್ತಿ ಮಾಡಬೇಕಾಯಿತು. ಕ್ರೈಸ್ತರು ಶಿಲುಬೆಯನ್ನು ನೋಡುವಾಗ ಕಾಣುವುದು ಇದನ್ನೇ: ಗೀಟು ಎಳೆದವನೇ ನಷ್ಟವನ್ನೂ ಹೊತ್ತ. ಅದು ಹೇಗೆ ಅನ್ನುವುದಕ್ಕೆ ಎರಡು ಸಾವಿರ ವರ್ಷದಲ್ಲಿ ಹತ್ತಾರು ವಿವರಣೆ ಬಂದಿವೆ. ಬಿಡುಗಡೆಯ ಒತ್ತೆಹಣ ಅಂದರು ಹಳಬರು. ದೇವರ ಗೌರವಕ್ಕೆ ಆದ ಭಂಗ ತುಂಬಿಕೊಟ್ಟದ್ದು ಅಂದ 11ನೇ ಶತಮಾನದ ಅನ್ಸೆಲ್ಮ್. ಅಷ್ಟು ಪ್ರೀತಿ ಕಂಡ ಮೇಲೆ ಮನುಷ್ಯನ ಎದೆ ಕರಗುತ್ತದೆ ಅಂದ ಅವನ ನಂತರದ ಅಬೆಲಾರ್ಡ್. ನಮಗೆ ಬರಬೇಕಾದ ಶಿಕ್ಷೆ ಅವನಿಗೆ ಬಂತು ಅಂದರು 16ನೇ ಶತಮಾನದ ಸುಧಾರಕರು. ಸಭೆಗಳು ನಂಬಿಕೆಯ ಸಾರವಾಗಿ ಹೇಳುವ ನೈಸೀಯದ ವಿಶ್ವಾಸಪ್ರಮಾಣ ಇದರಲ್ಲಿ ಯಾವುದನ್ನೂ ಕಡ್ಡಾಯ ಮಾಡಲಿಲ್ಲ, ‘ನಮಗಾಗಿ, ನಮ್ಮ ರಕ್ಷಣೆಗಾಗಿ’ ಅಂದು ಸುಮ್ಮನಾಯಿತು. ಒಂದು ವಿವರಣೆ ಮಾತ್ರ ನನಗೆ ಸೇರುವುದಿಲ್ಲ: ಸಿಟ್ಟಾದ ಅಪ್ಪನೊಬ್ಬ ತಪ್ಪಿಲ್ಲದ ಮಗನನ್ನು ಹೊಡೆದು ಸಮಾಧಾನ ಮಾಡಿಕೊಂಡ ಅನ್ನುವ ಹಾಗೆ ಮೈಕಿನಲ್ಲಿ ಹೇಳುವುದು. ದೇವರು ತಾನೇ ಕ್ರಿಸ್ತನಲ್ಲಿದ್ದು ಲೋಕವನ್ನು ತನ್ನ ಜೊತೆ ಸಮಾಧಾನ ಮಾಡಿಕೊಂಡ ಅನ್ನುತ್ತಾನೆ ಪೌಲ. ನಮ್ಮಪ್ಪ ಸೈಕಲ್ಲು ಮಾರಿದರು, ಪಕ್ಕದ ಮನೆಯವರದ್ದನ್ನು ಮಾರಲಿಲ್ಲ.

ಇಲ್ಲಿಯವರೆಗೆ ಬಂದರೆ ನಿಮ್ಮ ಸಿಟ್ಟು ಇನ್ನೂ ಜಾಸ್ತಿಯಾಗಬೇಕು. ‘ದೇವರ ವಹಿಯಲ್ಲಿ ಗೀಟು ಬಿತ್ತು ಸರಿ, ನಮ್ಮಪ್ಪನ ವಹಿ?’ ಅಂತ. ಸರಿಯಾದ ಸಿಟ್ಟು.

ದಾವೀದ ರಾಜನ ಕತೆ ಕೇಳಿರಬಹುದು. ತನ್ನ ಸೈನಿಕ ಊರೀಯನ ಹೆಂಡತಿಯನ್ನು ಕರೆಸಿಕೊಂಡ, ವಿಷಯ ಬಯಲಾಗುವ ಹೊತ್ತಿಗೆ ಊರೀಯನನ್ನು ಕಾಳಗದ ಮುಂಚೂಣಿಯಲ್ಲಿ ಬಿಟ್ಟು ಸಾಯಿಸಿದ. ಪ್ರವಾದಿ ನಾತಾನ ಬಂದು ಬಡವನ ಕುರಿಮರಿ ಕಿತ್ತುಕೊಂಡ ಸಿರಿವಂತನ ಕತೆ ಹೇಳಿ, ದಾವೀದನ ಬಾಯಿಂದಲೇ ತೀರ್ಪು ಬರಿಸಿ, ‘ಆ ಮನುಷ್ಯ ನೀನೇ’ ಅಂದ. ದಾವೀದ ಅತ್ತು ಬರೆದದ್ದು ಅಂತ ಪರಂಪರೆ ಹೇಳುವ 51ನೇ ಕೀರ್ತನೆಯನ್ನು ನಾವು ಇಂದಿಗೂ ಮಂಡಿಯೂರಿ ಹೇಳುತ್ತೇವೆ. ಅದರಲ್ಲಿ ಒಂದು ಸಾಲಿದೆ, ‘ನಿನಗೊಬ್ಬನಿಗೇ ನಾನು ತಪ್ಪು ಮಾಡಿದ್ದೇನೆ’ ಅಂತ ದೇವರಿಗೆ ಹೇಳುವುದು. ಆ ಸಾಲು ನನ್ನ ಗಂಟಲಿಗೆ ಯಾವತ್ತೂ ಸಿಕ್ಕಿಕೊಳ್ಳುತ್ತದೆ. ಒಬ್ಬನಿಗೇ ಹೇಗೆ? ಊರೀಯ? ಪಂಡಿತರು ಸಮಜಾಯಿಷಿ ಕೊಡುತ್ತಾರೆ, ಎಲ್ಲ ತಪ್ಪೂ ಕಡೆಗೆ ದೇವರಿಗೇ ಮಾಡಿದ್ದು ಅಂತ. ಇರಲಿ. ಆದರೆ ಬೈಬಲ್ಲು ತಾನೇ ಊರೀಯನನ್ನು ಮರೆಯಲಿಲ್ಲ. ದಾವೀದನಿಗೆ ಕ್ಷಮೆ ಸಿಕ್ಕ ಎಷ್ಟೋ ಶತಮಾನದ ಮೇಲೆ ಮತ್ತಾಯ ಯೇಸುವಿನ ವಂಶಾವಳಿ ಬರೆಯುವಾಗ ಸೊಲೊಮೋನನ ತಾಯಿಯ ಹೆಸರು ಹಾಕಲೇ ಇಲ್ಲ. ‘ಊರೀಯನ ಹೆಂಡತಿ’ ಅಂತಲೇ ಬರೆದ. ಕ್ರಿಸ್ತನ ವಂಶದ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಮೋಸ ಹೋದವನ ಹೆಸರು ಹಾಗೇ ಉಳಿಯಿತು.

ಕೊಟ್ಟು ತೀರಿಸುವ ಬಗ್ಗೆ ಬೈಬಲ್ಲಿನ ಲೆಕ್ಕ ಸ್ಪಷ್ಟ. ಯಾಜಕಕಾಂಡದ 6ನೇ ಅಧ್ಯಾಯದ ಪ್ರಕಾರ ನೆರೆಯವನಿಗೆ ಮೋಸ ಮಾಡಿದವನು ಅಸಲನ್ನೂ ಅದರ ಐದನೇ ಒಂದು ಪಾಲನ್ನೂ ಸೇರಿಸಿ ಕೊಡಬೇಕು. ಅದನ್ನು ಕೊಡುವುದು, ದೇವರಿಗೆ ಪ್ರಾಯಶ್ಚಿತ್ತದ ಬಲಿ ತರುವುದು ಎರಡೂ ಕೂಡಿಯೇ ಇರುವ ನಿಯಮ. ನಿಮ್ಮ 3 ಲಕ್ಷಕ್ಕೆ 3,60,000 ಆಯಿತು. ಯೇಸು ಇನ್ನೂ ಬಿಗಿ ಮಾಡಿದ: ಯಜ್ಞವೇದಿಯ ಹತ್ತಿರ ಕಾಣಿಕೆ ತಂದಾಗ ನಿನ್ನ ಸಹೋದರನಿಗೆ ನಿನ್ನ ಮೇಲೆ ಏನೋ ಇದೆ ಅಂತ ನೆನಪಾದರೆ, ಕಾಣಿಕೆ ಅಲ್ಲೇ ಬಿಟ್ಟು ಮೊದಲು ಅವನ ಹತ್ತಿರ ಹೋಗು ಅಂದ. ನಿಮ್ಮ ಪಾಲುದಾರರು ಎರಡು ವರ್ಷದಲ್ಲಿ ನೂರು ಸಾರಿಯಾದರೂ ಕಾಣಿಕೆ ಹಾಕಿರಬೇಕು.

ಇದಕ್ಕೆ ನನಗೆ ಬಹಳ ಬೇಕಾದವನು ಜಕ್ಕಾಯ. ಯೆರಿಕೋ ಊರಿನ ಸುಂಕದವರ ಮುಖ್ಯಸ್ಥ, ಕುಳ್ಳ, ಸಿರಿವಂತ, ಊರಿಗೆಲ್ಲ ಬೇಡವಾದವನು. ಯೇಸುವನ್ನು ನೋಡಲು ಗಿಡ ಹತ್ತಿ ಕೂತಿದ್ದ. ಯೇಸು ಗಿಡದ ಕೆಳಗೆ ನಿಂತು, ಇಳಿದು ಬಾ, ಇವತ್ತು ನಿನ್ನ ಮನೆಯಲ್ಲೇ ಇಳಿದುಕೊಳ್ಳಬೇಕು ಅಂದ. ಲೆಕ್ಕ ಕೇಳಲಿಲ್ಲ, ಮೊದಲು ತೀರಿಸಿ ಬಾ ಅನ್ನಲಿಲ್ಲ. ಊರವರು ಗೊಣಗಿದರು. ಆ ಮೇಲೆ ಜಕ್ಕಾಯ ಎದ್ದು ನಿಂತು ಅರ್ಧ ಆಸ್ತಿ ಬಡವರಿಗೆ, ಯಾರಿಂದ ಮೋಸದಿಂದ ಕಿತ್ತಿದ್ದೇನೋ ಅವರಿಗೆ ನಾಲ್ಕರಷ್ಟು ಅಂದ. ತಾನಾಗಿ ಒಪ್ಪಿಕೊಂಡವನಿಗೆ ಧರ್ಮಶಾಸ್ತ್ರ ಕೇಳುತ್ತಿದ್ದುದು ಅಸಲಿನ ಮೇಲೆ ಐದನೇ ಒಂದು ಪಾಲು ಮಾತ್ರ. ನಾಲ್ಕರಷ್ಟು ಅನ್ನುವುದು ಕುರಿ ಕದ್ದು ಕೊಯ್ದವನ ದಂಡ. ತನ್ನನ್ನು ತಾನೇ ಕುರಿಗಳ್ಳರ ಸಾಲಿನಲ್ಲಿ ನಿಲ್ಲಿಸಿಕೊಂಡ. ‘ಈ ಹೊತ್ತು ಈ ಮನೆಗೆ ರಕ್ಷಣೆಯಾಯಿತು’ ಅನ್ನುವ ಮಾತು ಯೇಸುವಿನ ಬಾಯಿಂದ ಬಂದದ್ದು ಇದಾದ ಮೇಲೆ.

ಈ ಕ್ರಮ ಗಮನಿಸಿ, ಇಡೀ ಕ್ರೈಸ್ತ ಬೋಧನೆ ಇದರ ಮೇಲೆ ನಿಂತಿದೆ. ಕೃಪೆ ಮೊದಲು ಮನೆಗೆ ಬಂತು, ಬಾಕಿ ಆ ಮೇಲೆ ತೀರಿತು. ತೀರಿಸಿದ್ದಕ್ಕೆ ಕೃಪೆ ಸಿಕ್ಕಿದ್ದಲ್ಲ. ಆದರೆ ಕೃಪೆ ನಿಜವಾಗಿ ಒಳಗೆ ಬಂದ ಮನೆಯಲ್ಲಿ ವಹಿ ಬಿಚ್ಚದೇ ಇರುವುದಿಲ್ಲ. ಪ್ರೊಟೆಸ್ಟೆಂಟ್ ಸುಧಾರಣೆ ಶುರುಮಾಡಿದ ಲೂಥರ್ 1517ರಲ್ಲಿ ಎತ್ತಿದ ಜಗಳದ ಒಂದು ಎಳೆ ಇಲ್ಲೇ ಇದೆ, ನಂಬಿಕೆಯಿಂದ ಮಾತ್ರವೋ ಕ್ರಿಯೆಯೂ ಬೇಕೋ ಅಂತ. ಪೌಲನ ಪತ್ರ ಹಿಡಿದವರು ಒಂದು ಕಡೆ, ಕ್ರಿಯೆಗಳಿಲ್ಲದ ನಂಬಿಕೆ ಸತ್ತದ್ದು ಅಂದ ಯಾಕೋಬನ ಪತ್ರ ಹಿಡಿದವರು ಇನ್ನೊಂದು ಕಡೆ. ಯುರೋಪಿನಲ್ಲಿ ರಕ್ತವೇ ಹರಿಯಿತು. ಕಡೆಗೆ 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಲೂಥರನ್ನರೂ ಕಥೋಲಿಕರೂ ಒಂದೇ ಕಾಗದಕ್ಕೆ ಸಹಿ ಮಾಡಿದರು: ನಮ್ಮ ಯೋಗ್ಯತೆಯಿಂದಲ್ಲ, ಕೃಪೆಯಿಂದಲೇ ದೇವರು ನಮ್ಮನ್ನು ಸ್ವೀಕರಿಸುತ್ತಾನೆ, ಒಳ್ಳೆಯ ಕ್ರಿಯೆಗಳು ಅದರ ಫಲ. 2006ರಲ್ಲಿ ಮೆಥಡಿಸ್ಟರೂ ಇದಕ್ಕೆ ಸೇರಿದರು. ಎಲ್ಲ ಭಿನ್ನಾಭಿಪ್ರಾಯ ಮುಗಿಯಿತು ಅಂತಲ್ಲ, ಬೈದಾಟ ಮುಗಿಯಿತು.

ಒಂದು ಸ್ವಂತ ಟೀಕೆ. ಬೆಳಗಾವಿಯ ಕ್ಯಾಂಪಿನಲ್ಲಿರುವ ನನ್ನ ಕಥೋಲಿಕ ಗೆಳೆಯರು ಗುರುಗಳ ಬಳಿ ಹೋಗಿ ಪಾಪನಿವೇದನೆ ಮಾಡುತ್ತಾರೆ. ವರ್ಷಕ್ಕೆ ಒಮ್ಮೆಯಾದರೂ ಮಾಡಲೇಬೇಕು ಅನ್ನುವ ನಿಯಮ 1215ರ ಲ್ಯಾಟೆರನ್ ಮಹಾಸಭೆಯಿಂದ ಬಂದದ್ದು. ಕೇಳಿದ್ದನ್ನು ಗುರುಗಳು ಜೀವ ಹೋದರೂ ಹೊರಗೆ ಹೇಳುವಂತಿಲ್ಲ. ಅಲ್ಲಿ ಕ್ಷಮೆಯ ಮಾತು ಹೇಳುವುದಷ್ಟೇ ಆಗುವುದಿಲ್ಲ. ಕದ್ದದ್ದನ್ನು ಹಿಂದಿರುಗಿಸು, ಹೆಸರು ಕೆಡಿಸಿದ್ದರೆ ಸರಿಮಾಡು ಅನ್ನುವುದು ಅವರ ಬೋಧನೆಯ ಭಾಗ. ಪಾಪ ಹೋದರೂ ಪಾಪ ಮಾಡಿದ ಹಾಳು ತಾನಾಗಿ ಸರಿಹೋಗುವುದಿಲ್ಲ ಅಂತ ಅವರು ಬಿಡಿಸಿ ಹೇಳುತ್ತಾರೆ. ನಮ್ಮ ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಭಾನುವಾರ ಎಲ್ಲರೂ ಕೂಡಿ ಒಂದೇ ದನಿಯಲ್ಲಿ ಪಾಪನಿವೇದನೆ ಓದುತ್ತೇವೆ. ಚೆಂದದ ಪ್ರಾರ್ಥನೆ. ಆದರೆ ಗುಂಪಿನಲ್ಲಿ ಓದುವಾಗ ಎರಡೆಕರೆ ಹೊಲ, 3 ಲಕ್ಷ ರೂಪಾಯಿ ಸದ್ದಿಲ್ಲದೆ ದಾಟಿಹೋಗುತ್ತವೆ. ನನ್ನ ಕೈಯಲ್ಲೇ ದಾಟಿದ್ದನ್ನು ಮೇಲೆ ಹೇಳಿದೆ.

ಯೇಸುವಿನ ಜೊತೆ ಶಿಲುಬೆಗೆ ಏರಿಸಿದ ಇಬ್ಬರು ಕಳ್ಳರಲ್ಲಿ ಒಬ್ಬನ ವಿಷಯಕ್ಕೆ ಬರೋಣ, ನೀವು ಕೇಳಿದ ಕಡೇ ಗಳಿಗೆಯ ಕೊಲೆಗಾರ ಅವನೇ ಅಲ್ಲವೇ. ಲೂಕನ 23ನೇ ಅಧ್ಯಾಯದಲ್ಲಿ ಅವನು ಇನ್ನೊಬ್ಬನನ್ನು ಗದರಿಸಿ ಹೇಳುವುದು ‘ನಾವು ಮಾಡಿದ್ದಕ್ಕೆ ತಕ್ಕದ್ದನ್ನು ಅನುಭವಿಸುತ್ತಿದ್ದೇವೆ’ ಅಂತ. ನಿಮ್ಮ ಮನೆಯ ಬಿತ್ತಿ ಕೊಯ್ಯುವ ಮಾತೇ ಅದು. ನನ್ನನ್ನು ಇಳಿಸು ಅಂತ ಕೇಳಿದವನು ಇನ್ನೊಬ್ಬ. ಇವನು ಕೇಳಿದ್ದು ನನ್ನನ್ನು ನೆನಪು ಮಾಡಿಕೋ ಅಂತ. ಪರದೈಸಿನ, ಅಂದರೆ ಸ್ವರ್ಗದ, ಮಾತು ಸಿಕ್ಕಿತು, ಆದರೆ ಶಿಲುಬೆಯಿಂದ ಇಳಿಯಲಿಲ್ಲ. ಸಂಜೆಗೆ ಸೈನಿಕರು ಬಂದು ಅವನ ಕಾಲು ಮುರಿದರು. ತೀರಿಸಲು ಅವನಿಗೆ ಕೈ ಬಿಡುವಿರಲಿಲ್ಲ, ಎರಡೂ ಕೈ ಮರಕ್ಕೆ ಜಡಿದಿತ್ತು. ನಿಮ್ಮ ಪಾಲುದಾರರ ಕೈ ಆಡುತ್ತಿವೆ.

ಒಳ್ಳೆಯವನಾಗಿದ್ದೂ ನಂಬದವನ ಗತಿ? ಇದರಲ್ಲಿ ಕ್ರೈಸ್ತರಲ್ಲೇ ಒಮ್ಮತವಿಲ್ಲ. ಕ್ರಿಸ್ತನನ್ನು ಬಾಯಿಬಿಟ್ಟು ಒಪ್ಪದವನಿಗೆ ರಕ್ಷಣೆ ಇಲ್ಲ ಅನ್ನುವ ಸಭೆಗಳು ಬಹಳ ಇವೆ, ನಮ್ಮ ಕಡೆ ಮೈಕ್ ಹಿಡಿದವರಲ್ಲಿ ಅವರೇ ಹೆಚ್ಚು. ತನ್ನ ತಪ್ಪಿಲ್ಲದೆ ಸುವಾರ್ತೆಯನ್ನು, ಅಂದರೆ ಕ್ರಿಸ್ತನ ಸಂದೇಶವನ್ನು, ಅರಿಯದೆ, ಆದರೆ ಪ್ರಾಮಾಣಿಕವಾಗಿ ದೇವರನ್ನು ಹುಡುಕುತ್ತಾ ಮನಸ್ಸಾಕ್ಷಿಯ ಹಾಗೆ ನಡೆಯುವವರೂ ರಕ್ಷಣೆ ಹೊಂದಬಲ್ಲರು ಅಂತ ಕಥೋಲಿಕರ ಎರಡನೆಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಹೇಳಿತು. ನ್ಯಾಯಪೀಠದ ಮೇಲೆ ನಾನು ಕೂತಿಲ್ಲ ಅನ್ನುವುದು ನನಗೆ ಸಮಾಧಾನ. ಕೂಡಲಸಂಗಮದ ನೆಲದವರು ನೀವು. ತನ್ನ ತಪ್ಪನ್ನು ತಾನೇ ಎತ್ತಿ ಆಡಿಕೊಂಡು ಒಡೆಯನ ಮುಂದೆ ನಿಂತ ಬಸವಣ್ಣನವರ ವಚನ ಕೇಳಿ ಬೆಳೆದವರಿಗೆ ನಾನು ಪಶ್ಚಾತ್ತಾಪದ ಪಾಠ ಹೇಳಹೊರಟರೆ ನಗುತ್ತೀರಿ.

ರಕ್ಷಣೆ ಅಂದರೆ ಸತ್ತ ಮೇಲೆ ಸಿಗುವ ಟಿಕೆಟ್ಟು ಅಂತ ತಿಳಿದರೆ ಮಾತ್ರ ಈ ಪ್ರಶ್ನೆ ಅಷ್ಟು ದೊಡ್ಡದಾಗಿ ಕಾಣುತ್ತದೆ. ಗ್ರೀಕಿನಲ್ಲಿ ‘ಸೋಜೋ’ ಅಂದರೆ ಉಳಿಸು, ಹಾಗೇ ವಾಸಿಮಾಡು ಅಂತಲೂ ಆಗುತ್ತದೆ. ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿದ ಹೆಂಗಸಿಗೂ, ಊರೆಲ್ಲ ಪಾಪಿ ಅಂದ ಹೆಂಗಸಿಗೂ ಯೇಸು ಹೇಳಿದ ವಾಕ್ಯ ಮೂಲದಲ್ಲಿ ಒಂದೇ. ಕನ್ನಡದಲ್ಲಿ ಒಂದು ಕಡೆ ‘ನಿನ್ನ ನಂಬಿಕೆ ನಿನ್ನನ್ನು ಸ್ವಸ್ಥಮಾಡಿತು’, ಇನ್ನೊಂದು ಕಡೆ ‘ರಕ್ಷಿಸಿತು’ ಅಂತ ಬಿಡಿಸಿದ್ದೇವೆ. ವಾಸಿಯಾಗುವುದು ಇಲ್ಲೇ, ಈಗಲೇ ಶುರುವಾಗಬೇಕು. ವಾಸಿಯಾದವನು ನಡೆಯುತ್ತಾನೆ. ನಡೆದು ನಿಮ್ಮ ಬಾಗಿಲಿಗೂ ಬರಬೇಕು.

ಇನ್ನು ನೀವು ಕೇಳದಿದ್ದರೂ ಪತ್ರದಲ್ಲಿ ಇರುವ ಪ್ರಶ್ನೆ: ನೀವು ಅವರನ್ನು ಕ್ಷಮಿಸಬೇಕೇ?

ಅದನ್ನು ನಾನು ಹೇಳುವುದಿಲ್ಲ, ಅವರೂ ಕೇಳುವಂತಿಲ್ಲ. ಕೇಳಬಹುದಾದದ್ದು ‘ನನ್ನಿಂದ ತಪ್ಪಾಯಿತು’ ಅಂತ, ‘ಮನಸಿನ್ಯಾಗ ಇಟ್ಕೋಬ್ಯಾಡ್ರಿ’ ಅಂತಲ್ಲ. ಎರಡರ ನಡುವೆ ಬಹಳ ಅಂತರ. ಮತ್ತಾಯನ 18ನೇ ಅಧ್ಯಾಯದಲ್ಲಿ ರಾಜನೊಬ್ಬ ತನ್ನ ಆಳಿಗೆ 10,000 ತಲಾಂತು ಬಿಟ್ಟುಕೊಡುತ್ತಾನೆ. ಒಂದು ತಲಾಂತು ಸುಮಾರು 6,000 ದಿನದ ಕೂಲಿ, ಅಂದರೆ 6 ಕೋಟಿ ದಿನದ ಕೂಲಿ. ಆ ಆಳು ಹೊರಗೆ ಬಂದು ತನಗೆ 100 ದಿನದ ಕೂಲಿ ಕೊಡಬೇಕಾದವನ ಕುತ್ತಿಗೆ ಹಿಡಿಯುತ್ತಾನೆ. ಪ್ರಸಂಗಿಗಳು ಆ ಎರಡನೇ ಸಾಲವನ್ನು ಚಿಲ್ಲರೆ ಅನ್ನುವ ಹಾಗೆ ಆಡುತ್ತಾರೆ. ದಿನಕ್ಕೆ 400 ರೂಪಾಯಿ ಹಿಡಿದರೂ 40,000 ಆಯಿತು, ಮಗ್ಗದ ಮನೆಗೆ ಅದು ಚಿಲ್ಲರೆಯಲ್ಲ. ಯೇಸು ಕೂಡ ನಿಮ್ಮ ನಷ್ಟ ಸಣ್ಣದು ಅನ್ನಲಿಲ್ಲ. ಆ ಕತೆ ಹೇಳಿದ್ದು ಕ್ಷಮೆ ಪಡೆದವರಿಗೆ, ಪಡೆದವರು ಅದನ್ನು ಮೋಸ ಹೋದವರ ತಲೆಗೆ ಹೊಡೆಯುವ ಕೋಲು ಮಾಡಿಕೊಳ್ಳಲಿ ಅಂತಲ್ಲ. ಹೊಡೆಯುವ ಗಂಡನ ಮನೆಗೆ ‘ಕ್ಷಮಿಸು ತಂಗೀ’ ಅಂತ ಹೆಣ್ಣುಮಕ್ಕಳನ್ನು ವಾಪಸು ಕಳಿಸಿದ ಹಿರಿಯರನ್ನು ನಾನು ಕಂಡಿದ್ದೇನೆ. ಅದು ಕ್ಷಮೆಯಲ್ಲ, ಹಿರಿಯರಿಗೆ ತಲೆನೋವು ಬೇಡವಾಗಿತ್ತು ಅಷ್ಟೇ. ಸಿಟ್ಟು ಬಿಡುವುದು ಒಂದು, ಬಾಕಿ ಬಿಡುವುದು ಇನ್ನೊಂದು, ಮತ್ತೆ ನಂಬಿ ವ್ಯವಹಾರ ಮಾಡುವುದು ಮೂರನೆಯದು. ಮೊದಲನೆಯದನ್ನು ನಿಮ್ಮ ನಿದ್ದೆಗಾಗಿ ಎಂದಾದರೂ ಮಾಡಬೇಕಾದೀತು. ಉಳಿದ ಎರಡು ಅದರ ಜೊತೆ ತಾನಾಗಿ ಬರಬೇಕಿಲ್ಲ.

ಕೈಗೆ ಆಗುವ ಒಂದು ಕೆಲಸ ಹೇಳುತ್ತೇನೆ. ಅದೇ 18ನೇ ಅಧ್ಯಾಯದ 15ರಿಂದ 17ನೇ ವಚನಗಳಲ್ಲಿ ಒಂದು ಪಂಚಾಯಿತಿಯ ಕ್ರಮವಿದೆ. ತಪ್ಪು ಮಾಡಿದವನ ಹತ್ತಿರ ಮೊದಲು ಒಬ್ಬರೇ ಹೋಗಿ ಮಾತಾಡಬೇಕು. ಕೇಳದಿದ್ದರೆ ಒಬ್ಬಿಬ್ಬರು ಸಾಕ್ಷಿಗಳ ಜೊತೆ. ಆಗಲೂ ಕೇಳದಿದ್ದರೆ ಸಭೆಗೆ ತಿಳಿಸಬೇಕು. ನಿಮಗೆ ಈ ನಿಯಮ ಅನ್ವಯಿಸುವುದಿಲ್ಲ, ಆದರೆ ಅವರು ತಾವಾಗಿ ಅದರ ಕೆಳಗೆ ಬಂದು ಕೂತಿದ್ದಾರೆ. ಹಳೆಯ ಲೆಕ್ಕದ ಚೀಟಿ ಇದ್ದರೆ ಜೆರಾಕ್ಸ್ ಮಾಡಿಸಿಕೊಂಡು ಒಂದು ಸಂಜೆ ಹೋಗಿ. ಜಕ್ಕಾಯನ ಕತೆ ಓದಿದ್ದೀರಾ ಅಂತ ಕೇಳಿ. ನಾಲ್ಕರಷ್ಟು ಕೇಳಬೇಡಿ, ಅಸಲು ಕೇಳಿ. ಎರಡನೇ ಸಲ ಅವರ ಪಾಸ್ಟರನ್ನೇ ಸಾಕ್ಷಿಯಾಗಿ ಕರೆದುಕೊಂಡು ಹೋಗಿ. ಒಳ್ಳೆಯ ಪಾಸ್ಟರಾದರೆ ಬರುತ್ತಾರೆ. ಇಂಥ ಹಣದ ದಾವೆಗೆ ಕೋರ್ಟಿನಲ್ಲಿ ಸಾಮಾನ್ಯವಾಗಿ ಮೂರು ವರ್ಷದ ಗಡಿ, ನಿಮ್ಮದು ದಾಟಿರಬಹುದು. ಆದರೆ ಅವಧಿ ಮೀರಿದ ಸಾಲವನ್ನು ಕೊಡುತ್ತೇನೆ ಅಂತ ಸಾಲಗಾರ ಬರೆದು ಸಹಿ ಮಾಡಿಕೊಟ್ಟರೆ ಕರಾರು ಕಾಯಿದೆಯ 25ನೇ ಕಲಮಿನ ಪ್ರಕಾರ ಆ ಕಾಗದಕ್ಕೆ ಬೆಲೆಯಿದೆ. ತಿಂಗಳಿಗೆ ಐದು ಸಾವಿರದ ಕಂತಾದರೂ ಸರಿ, ಬರೆಸಿಕೊಳ್ಳಿ. ಒಬ್ಬ ವಕೀಲರಿಗೆ ತೋರಿಸಿಯೇ ಬರೆಸಿ, ನಾನು ಕಾನೂನು ಓದಿದವನಲ್ಲ.

ಆ ಗೋಕಾಕದ ಹೆಣ್ಣುಮಗಳ ಕತೆ ಅರ್ಧಕ್ಕೆ ಬಿಟ್ಟೆ. ಮರುದಿನವೇ ಅವಳ ಮೈದುನನ ಮನೆಗೆ ಹೋಗಿ, ನಾನು ಆತುರದಲ್ಲಿ ಅರ್ಧ ಮಾತು ಹೇಳಿದೆ, ಇನ್ನರ್ಧ ಕೇಳು ಅಂದೆ. ಅವನು ನಾಲ್ಕು ತಿಂಗಳು ನನ್ನ ಮುಖ ನೋಡಲಿಲ್ಲ, ಚರ್ಚಿಗೂ ಬರಲಿಲ್ಲ. ಮಳೆಗಾಲ ಶುರುವಾದ ಮೇಲೆ ಒಂದು ದಿನ ತಾನೇ ಬಂದು, ನಡೀರಿ ಅಂದ. ತಾಲ್ಲೂಕು ಕಚೇರಿಗೆ ಮೂರು ಸಾರಿ ಓಡಾಡಿದೆವು. ಉತಾರದಲ್ಲಿ ಅವಳ ಹೆಸರು ಬಂತು. ಅದರ ನಕಲನ್ನು ನಾನೇ ಒಯ್ದು ಕೊಟ್ಟೆ, ಅವಳು ಓದಲು ಬಾರದಿದ್ದರೂ ತನ್ನ ಹೆಸರು ಯಾವ ಸಾಲಿನಲ್ಲಿದೆ ಅಂತ ಬೆರಳಿಟ್ಟು ತೋರಿಸಿಕೊಂಡಳು. ಇಬ್ಬರೂ ಈಗಲೂ ಅದೇ ಚರ್ಚಿಗೆ ಬರುತ್ತಾರೆ, ಅವನು ಗಂಡಸರ ಕಡೆ ಹಿಂದಿನ ಬೆಂಚಿನಲ್ಲಿ, ಅವಳು ಹೆಂಗಸರ ಕಡೆ ಮುಂದೆ. ಅವನೊಡನೆ ಅವಳು ಇನ್ನೂ ಮಾತಾಡಿಲ್ಲ. ಮಾತಾಡು ಅಂತ ನಾನೂ ಹೇಳಿಲ್ಲ.